ಇರುಳುಗುರುಡು ವಂಶದಿಂದ ಬಂದದ್ದೇ? ರೆಟಿನಾ ಚಿತ್ರಗಳಿಂದ ಪತ್ತೆ ಹಚ್ಚುವ ಸಮಗ್ರ ಮಾರ್ಗದರ್ಶಿ

ಕತ್ತಲಲ್ಲಿ ಕಾಣುವುದಿಲ್ಲ ಎಂದು ಬಂದವರ ರೆಟಿನಾ ಚಿತ್ರ ತೆಗೆಯುವಾಗ ಉತ್ತರ ಬೇಕಾದ ಮುಖ್ಯ ಪ್ರಶ್ನೆ ಒಂದೇ: ಈ ಇರುಳುಗುರುಡು ಹುಟ್ಟಿನಿಂದ ಇದ್ದಷ್ಟೇ ಇದೆಯೋ, ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದೆಯೋ? ಇದ್ದಷ್ಟೇ ಇರುವ ಬಗೆಯಲ್ಲಿ ಹಗಲಿನ ನೋಟಕ್ಕೆ ಸಾಮಾನ್ಯವಾಗಿ ದೊಡ್ಡ ಅಪಾಯವಿಲ್ಲ. ಬೆಳೆಯುವ ಬಗೆಯಲ್ಲಿ ನೋಟದ ಅಂಚು ಕಿರಿದಾಗುತ್ತ ಹೋಗಿ ಕೊನೆಗೆ ನಡುವಿನ ದೃಷ್ಟಿಗೂ ಪೆಟ್ಟು ಬೀಳುತ್ತದೆ. ದೂರು ಎರಡರಲ್ಲೂ ಒಂದೇ, ಮುಂದಿನ ಬದುಕು ಮಾತ್ರ ಬೇರೆ ಬೇರೆ. ಸ್ಥಿರ ಕಾಯಿಲೆಯ ಮಗುವಿಗೆ ಬೆಳೆಯುವ ಬಗೆಯದಾದ ರೆಟಿನೈಟಿಸ್ ಪಿಗ್ಮೆಂಟೋಸಾ ಎಂದು ಹೆಸರಿಟ್ಟರೆ ಇಡೀ ಮನೆ ಇಲ್ಲದ ಭಯ ಹೊತ್ತು ಬದುಕುತ್ತದೆ. ಹಾಗಾಗಿಯೇ ಈ ಕೆಲಸದಲ್ಲಿ ಅವಸರ ಸಲ್ಲದು. ಕಣ್ಣಿನ ವೈದ್ಯರು, ಆಪ್ಟೋಮೆಟ್ರಿಸ್ಟ್‌ಗಳು, ಚಿತ್ರ ತೆಗೆಯುವ ತಂತ್ರಜ್ಞರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯಲಾಗಿದೆ. ತಮ್ಮ ವರದಿ ಓದಿ ಅರ್ಥ ಮಾಡಿಕೊಳ್ಳಬೇಕೆನ್ನುವ ಕುಟುಂಬದವರಿಗೂ ಬಹುಪಾಲು ತಿಳಿಯುತ್ತದೆ.

ಎಲ್ಲಿ ನೋಡಬೇಕು, ಏಕೆ

ರೆಟಿನಾದಲ್ಲಿ ಸುಮಾರು 12 ಕೋಟಿ ರಾಡ್ ಕೋಶಗಳೂ 60 ಲಕ್ಷದಷ್ಟು ಕೋನ್ ಕೋಶಗಳೂ ಇವೆ. ಮಂದ ಬೆಳಕಿನ ನೋಟ ರಾಡ್‌ಗಳದ್ದು. ಸೂಕ್ಷ್ಮ ನೋಟದ ನಡುಬಿಂದುವಾದ ಫೋವಿಯಾದ ನಟ್ಟನಡುವೆ ರಾಡ್ ಒಂದೂ ಇಲ್ಲ. ಅಲ್ಲಿಂದ ನಾಲ್ಕೈದು ಮಿಲಿಮೀಟರ್ ಆಚೆ, ಉಂಗುರದಂತಹ ಪಟ್ಟಿಯಲ್ಲಿ ಅವು ಅತಿ ದಟ್ಟವಾಗಿರುತ್ತವೆ. ರೆಟಿನೈಟಿಸ್ ಪಿಗ್ಮೆಂಟೋಸಾ, ಅಂದರೆ ಆರ್‌ಪಿ, ಸಾಮಾನ್ಯವಾಗಿ ನಡು ಅಂಚಿನ ಈ ಭಾಗದಲ್ಲೇ ಶುರುವಾಗುತ್ತದೆ. ಫೋವಿಯಾದ ಸುತ್ತಲಿನ ನಡುಭಾಗವಾದ ಮ್ಯಾಕ್ಯುಲಾ ಒಂದನ್ನೇ ಹಿಡಿಯುವ 30 ಅಥವಾ 45 ಡಿಗ್ರಿಯ ಒಂದು ಫೋಟೋ ತೆಗೆದು 'ರೆಟಿನಾ ಸರಿಯಿದೆ' ಎಂದು ಬರೆದರೆ ಕಾಯಿಲೆ ಚೌಕಟ್ಟಿನ ಹೊರಗೇ ಉಳಿದಿರುತ್ತದೆ.

ಹಂತ 1: ಕ್ಯಾಮೆರಾಕ್ಕಿಂತ ಮೊದಲು ಮಾತು

'ರಾತ್ರಿ ಕಾಣುತ್ತದೆಯೇ' ಎಂದಷ್ಟೇ ಕೇಳಿದರೆ ಸಾಲದು. ಬೀದಿದೀಪಗಳ ನಡುವೆ ಬದುಕುವವರಿಗೆ ತಮ್ಮ ಕೊರತೆ ಗೊತ್ತೇ ಇರುವುದಿಲ್ಲ. ಬೆಳಕಿನಿಂದ ಕತ್ತಲ ಕೋಣೆಗೆ ಬಂದಾಗ ದಾರಿ ಕಾಣಲು ಎಷ್ಟು ಹೊತ್ತು ಬೇಕು, ಉಳಿದವರಿಗೆ ಕಾಣುವ ನಕ್ಷತ್ರಗಳು ಕಾಣುತ್ತವೆಯೇ, ಹಗಲಲ್ಲೂ ಪಕ್ಕದ ಸ್ಟೂಲು, ಬಾಗಿಲು ತಾಗುತ್ತವೆಯೇ ಎಂದು ಕೇಳಿ. ಹಗಲಲ್ಲೂ ತಾಗುತ್ತದೆ ಎಂದರೆ ನೋಟದ ಅಂಚು ಆಗಲೇ ಹೋಗಿದೆ, ಕಾಯಿಲೆ ಬೆಳೆಯುವ ಬಗೆಯದು ಎಂಬ ಅನುಮಾನ ಬಲವಾಗುತ್ತದೆ.

ನಂತರ ಮೂರು ತಲೆಮಾರಿನ ವಂಶವೃಕ್ಷ ಬರೆಯಿರಿ: ಯಾರಿಗೆ ತೊಂದರೆ ಇತ್ತು, ಗಂಡಸರಿಗೆ ಮಾತ್ರವೇ, ತಂದೆಯಿಂದ ಮಗನಿಗೆ ಬಂದದ್ದುಂಟೇ, ತಂದೆತಾಯಿ ರಕ್ತಸಂಬಂಧಿಗಳೇ. ಕಿವಿ ಮಂದವಿದ್ದರೆ ಅಷರ್ ಸಿಂಡ್ರೋಮ್, ಆರನೆಯ ಬೆರಳಿದ್ದು ಅಥವಾ ಇದ್ದು ತೆಗೆಸಿದ್ದು ಜೊತೆಗೆ ಬೊಜ್ಜೂ ಇದ್ದರೆ ಬಾರ್ಡೆಟ್-ಬೀಡಲ್ ಸಿಂಡ್ರೋಮ್ ನೆನಪಿಗೆ ಬರಬೇಕು.

ವಂಶದಿಂದ ಬಾರದ ಕಾರಣಗಳನ್ನು ಇಲ್ಲಿಯೇ ಸೋಸಿಬಿಡಿ. ಎ ಜೀವಸತ್ವದ ಕೊರತೆ ಮೊದಲನೆಯದು. ಊಟದ ಕೊರತೆಯಷ್ಟೇ ಅಲ್ಲ, ಪಿತ್ತಕೋಶ-ಯಕೃತ್ತಿನ ಕಾಯಿಲೆ, ಕರುಳಿನ ಅಥವಾ ಬೊಜ್ಜು ಇಳಿಸುವ ಶಸ್ತ್ರಚಿಕಿತ್ಸೆ ಆದವರಲ್ಲೂ ಇದು ಬರುತ್ತದೆ. ಕಣ್ಣಿನ ಬಿಳಿಭಾಗದಲ್ಲಿ ನೊರೆಯಂತಹ ಬಿಟೋ ಮಚ್ಚೆ ಇದೆಯೇ ನೋಡಿ, ರಕ್ತದ ರೆಟಿನಾಲ್ ಅಳೆಸಿ. ಲೀಟರಿಗೆ 0.7 ಮೈಕ್ರೋಮೋಲ್‌ಗಿಂತ ಕಡಿಮೆಯಿದ್ದರೆ ಕೊರತೆ. ಮಾತ್ರೆಗಳ ಪಟ್ಟಿಯನ್ನೂ ಕೇಳಿ: ಥಯೋರಿಡಜಿನ್, ಕ್ಲೋರೋಕ್ವಿನ್, ಹೈಡ್ರಾಕ್ಸಿಕ್ಲೋರೋಕ್ವಿನ್ ರೆಟಿನಾವನ್ನು ಕೆಡಿಸಬಲ್ಲವು, ಮೊಡವೆಗೆ ಕೊಡುವ ಐಸೋಟ್ರೆಟಿನಾಯಿನ್ ರಾತ್ರಿ ನೋಟವನ್ನು ಮಂಕಾಗಿಸಬಲ್ಲದು.

ಕನ್ನಡಕದ ನಂಬರ್ ಕೂಡ ಸುಳಿವು. ಇರುಳುಗುರುಡಿರುವ ಪುಟ್ಟ ಮಗುವಿಗೆ ದೊಡ್ಡ ಮೈನಸ್ ನಂಬರ್ ಇದ್ದು, ಕಣ್ಣುಗುಡ್ಡೆ ಅದುರುತ್ತಿದ್ದರೆ ಜನ್ಮಜಾತ ಸ್ಥಿರ ಇರುಳುಗುರುಡನ್ನು ಪಟ್ಟಿಯ ಮೇಲುಗಡೆ ಇಡಿ.

ಹಂತ 2: ಪರೀಕ್ಷೆಗಳ ಸರದಿ

ಇಲ್ಲಿ ತಪ್ಪಿದರೆ ಇಡೀ ದಿನದ ಶ್ರಮ ಹಾಳು. ಫ್ಲ್ಯಾಶ್ ಮತ್ತು ನೀಲಿ ಲೇಸರ್ ಬೆಳಕು ರಾಡ್‌ಗಳಲ್ಲಿ ಬೆಳಕು ಹಿಡಿಯುವ ರೊಡಾಪ್ಸಿನ್ ಅನ್ನು ಬಿಳುಚಿಸುತ್ತದೆ. ಫೋಟೋ ತೆಗೆದ ಬೆನ್ನಿಗೇ ಇಆರ್‌ಜಿ (ಬೆಳಕಿಗೆ ರೆಟಿನಾ ಕೊಡುವ ವಿದ್ಯುತ್ ಪ್ರತಿಕ್ರಿಯೆಯ ಅಳತೆ) ಮಾಡಿದರೆ ರಾಡ್‌ಗಳ ಪ್ರತಿಕ್ರಿಯೆ ಸುಳ್ಳೇ ತಗ್ಗಿ, ಸರಿಯಿರುವ ಕಣ್ಣೂ ಕಾಯಿಲೆಯ ಕಣ್ಣಿನಂತೆ ಕಾಣುತ್ತದೆ. ಆದ್ದರಿಂದ ಸರದಿ ಹೀಗಿರಲಿ:

1. ದೃಷ್ಟಿ ಅಳತೆ, ಕನ್ನಡಕದ ನಂಬರ್, ಬಣ್ಣದ ಪರೀಕ್ಷೆ, ನೋಟದ ಹರವಿನ (ಫೀಲ್ಡ್) ಪರೀಕ್ಷೆ. ಇವೆಲ್ಲ ಪಾಪೆ ಹಿಗ್ಗಿಸುವ ಮೊದಲು.
2. ಪಾಪೆ ಹಿಗ್ಗಿಸಿ, 20 ನಿಮಿಷ ಪೂರ್ತಿ ಕತ್ತಲಲ್ಲಿ ಕೂರಿಸಿ, ಇಆರ್‌ಜಿ.
3. ಓಸಿಟಿ, ಅಂದರೆ ರೆಟಿನಾದ ಪದರಗಳನ್ನು ಅಡ್ಡ ಕೊಯ್ದಂತೆ ತೋರಿಸುವ ಸ್ಕ್ಯಾನ್.
4. ಆಟೋಫ್ಲೋರೆಸೆನ್ಸ್, ಅಂದರೆ ಎಫ್‌ಎಎಫ್.
5. ಫ್ಲ್ಯಾಶ್ ಇರುವ ಬಣ್ಣದ ಫೋಟೋ ಕೊನೆಗೆ.

ಚಿತ್ರಗಳನ್ನೇ ಮೊದಲು ತೆಗೆಯಬೇಕಾಗಿ ಬಂದರೆ ರೋಗಿ ಮಾಮೂಲಿ ಕೋಣೆ ಬೆಳಕಿನಲ್ಲಿ ಕನಿಷ್ಠ 30 ನಿಮಿಷ ಕೂರಲಿ, ಆಮೇಲೆ 20 ನಿಮಿಷದ ಕತ್ತಲು ಶುರುವಾಗಲಿ. ಫ್ಲೋರೆಸಿನ್ ಎಂಬ ಬಣ್ಣ ಚುಚ್ಚಿ ತೆಗೆಯುವ ಆಂಜಿಯೋಗ್ರಾಮ್ ಇಲ್ಲಿ ಬೇಕಾಗುವುದು ಅಪರೂಪ. ಮಾಡಲೇಬೇಕಿದ್ದರೆ ಎಫ್‌ಎಎಫ್ ಮುಗಿದ ಮೇಲೆ ಮಾಡಿ, ಇಲ್ಲವಾದರೆ ಬಣ್ಣದ ಹೊಳಪೇ ಎಲ್ಲವನ್ನೂ ಮುಚ್ಚಿಹಾಕುತ್ತದೆ.

ಪಾಪೆ ಹಿಗ್ಗಿಸಲು 1% ಟ್ರಾಪಿಕಮೈಡ್ ಜೊತೆಗೆ 2.5% ಫಿನೈಲೆಫ್ರಿನ್ ಸಾಕು. ಹನಿ ಹಾಕುವ ಮುನ್ನ ಕಣ್ಣಿನ ಮುಂಭಾಗದ ಕೋನ ಕಿರಿದಾಗಿಲ್ಲವೆಂದು ಖಚಿತಪಡಿಸಿಕೊಳ್ಳಿ. 20ರಿಂದ 30 ನಿಮಿಷ ಕಾಯಿರಿ. ಪಾಪೆ ಸಾಕಷ್ಟು ಹಿಗ್ಗದಿದ್ದರೆ ಎಫ್‌ಎಎಫ್ ಚಿತ್ರದ ಅಂಚು ಕಪ್ಪಾಗುತ್ತದೆ, ಅದನ್ನು ಕಾಯಿಲೆ ಎಂದು ಓದುವ ಅಪಾಯವಿದೆ.

ಹಂತ 3: ಬಣ್ಣದ ಫೋಟೋ

ಮಾಮೂಲಿ ಫಂಡಸ್ ಕ್ಯಾಮೆರಾ ಇದ್ದರೆ ಪ್ರತಿ ಕಣ್ಣಿಗೆ ಆರು ಚಿತ್ರ: ಮ್ಯಾಕ್ಯುಲಾ, ಡಿಸ್ಕ್ (ದೃಷ್ಟಿನರ ಹೊರಡುವ ಜಾಗ), ಮತ್ತು ಮೇಲೆ, ಕೆಳಗೆ, ಮೂಗಿನ ಕಡೆ, ಕಿವಿಯ ಕಡೆ ನೋಡಿಸಿ ನಾಲ್ಕು. ಒಂದೇ ಹೊಡೆತಕ್ಕೆ 200 ಡಿಗ್ರಿ ಹಿಡಿಯುವ ಅಗಲನೋಟದ ಕ್ಯಾಮೆರಾ ಇದ್ದರೆ ಕೆಲಸ ಹಗುರ. ಆದರೆ ಅದರ ಮೂರು ಮಿತಿಗಳು ತಿಳಿದಿರಲಿ. ಕೆಂಪು-ಹಸಿರು ಲೇಸರ್‌ಗಳಿಂದ ಕಟ್ಟುವ ಚಿತ್ರವಾದರೆ ಅದರ ಬಣ್ಣ ನಿಜದ್ದಲ್ಲ, ಡಿಸ್ಕ್ ಬಿಳಿಚಿದೆಯೇ ಎಂದು ಅದರಲ್ಲಿ ತೀರ್ಮಾನಿಸಬೇಡಿ. ಅಂಚಿನಲ್ಲಿ ಚಿತ್ರ ಹಿಗ್ಗಿರುವುದರಿಂದ ಅಲ್ಲಿನ ಮಚ್ಚೆ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಕೆಳಗಿನ ರೆಪ್ಪೆಗೂದಲು ಅಡ್ಡ ಬಂದರೆ ಕೆಳಭಾಗ ಕಾಣುವುದೇ ಇಲ್ಲ, ರೆಪ್ಪೆಯನ್ನು ಹತ್ತಿಯ ಕಡ್ಡಿಯಿಂದ ಮೆಲ್ಲಗೆ ತಗ್ಗಿಸಿ ಹಿಡಿಯಿರಿ.

ಆರ್‌ಪಿಯ ಮೂರು ಗುರುತುಗಳು ಎಲ್ಲರಿಗೂ ಬಾಯಿಪಾಠ: ಮೂಳೆಯ ಚೂರುಗಳಂತೆ ಕವಲೊಡೆದ ಕಪ್ಪು ಬಣ್ಣದ್ರವ್ಯ, ಸಪೂರವಾದ ರಕ್ತನಾಳಗಳು, ಮೇಣದಂತೆ ಬಿಳಿಚಿದ ಡಿಸ್ಕ್. ಮೂರೂ ಕೂಡಿ ಬರುವ ಹೊತ್ತಿಗೆ ಕಾಯಿಲೆ ಬಹಳ ಮುಂದೆ ಹೋಗಿರುತ್ತದೆ. ರಾಡ್‌ಗಳು ಸತ್ತ ಮೇಲೆ ರೆಟಿನಾದ ಹಿಂದಿನ ಬಣ್ಣದ ಪದರವಾದ ಆರ್‌ಪಿಇಯ ಕೋಶಗಳು ಒಳಕ್ಕೆ ಸರಿದು ರಕ್ತನಾಳಗಳ ಸುತ್ತ ಗುಂಪುಗಟ್ಟುವುದರಿಂದ ಆ ಕಪ್ಪು ಚೂರುಗಳು ಉಂಟಾಗುತ್ತವೆ. ಅದಕ್ಕೆ ವರ್ಷಗಳೇ ಬೇಕು. ಮಕ್ಕಳಲ್ಲಿ ಕಪ್ಪು ಚೂರು ಒಂದೂ ಇಲ್ಲದೆ, ನಡು ಅಂಚು ಬೂದು ಬಣ್ಣಕ್ಕೆ ತಿರುಗಿ, ರಕ್ತನಾಳ ತುಸು ಸಪೂರವಾಗಿರುವುದಷ್ಟೇ ಕಾಣಬಹುದು. ಕಪ್ಪು ಚೂರಿಲ್ಲ ಎಂಬ ಒಂದೇ ಕಾರಣಕ್ಕೆ ಆರ್‌ಪಿಯನ್ನು ತಳ್ಳಿಹಾಕಬೇಡಿ.

ಉಳಿದ ಕಾಯಿಲೆಗಳಿಗೂ ಅವುಗಳದ್ದೇ ಚಹರೆ ಇದೆ. ಕೊರಾಯ್ಡೆರೆಮಿಯಾದಲ್ಲಿ ಆರ್‌ಪಿಇ ಮತ್ತು ಅದರ ಹಿಂದಿನ ರಕ್ತನಾಳಗಳ ಪದರವಾದ ಕೊರಾಯ್ಡ್ ಅಳಿದು, ಹಿಂದಿನ ಬಿಳಿ ಗೋಡೆ ದೊಡ್ಡ ದೊಡ್ಡ ಹರಹಿನಲ್ಲಿ ಬಯಲಾಗುತ್ತದೆ. ಗೈರೇಟ್ ಅಟ್ರೋಫಿಯಲ್ಲಿ ಅಂಚಿನಿಂದ ಶುರುವಾಗುವ ದುಂಡು ದುಂಡು ಬಿಳಿ ತೇಪೆಗಳು ಒಂದಕ್ಕೊಂದು ಕೂಡಿಕೊಂಡು ಕಮಾನಿನ ಅಂಚು ಮೂಡುತ್ತದೆ. ಬಿಯೆಟ್ಟಿ ಕಾಯಿಲೆಯಲ್ಲಿ ಹೊಳೆಯುವ ಹಳದಿ-ಬಿಳಿ ಹರಳುಗಳು. ಫಂಡಸ್ ಆಲ್ಬಿಪಂಕ್ಟೇಟಸ್‌ನಲ್ಲಿ ಫೋವಿಯಾವನ್ನು ಬಿಟ್ಟು ನಡು ಅಂಚಿನವರೆಗೆ ನೂರಾರು ಸಣ್ಣ ಬಿಳಿ ಚುಕ್ಕೆಗಳು. ಎ ಜೀವಸತ್ವದ ಕೊರತೆಯಲ್ಲೂ ಇಂಥ ಬಿಳಿ ಚುಕ್ಕೆ ಕಾಣಬಹುದು, ಹಾಗಾಗಿ ರಕ್ತಪರೀಕ್ಷೆ ಬರುವವರೆಗೆ ಹೆಸರಿಡಬೇಡಿ.

ಹಂತ 4: ಎಫ್‌ಎಎಫ್, ಬಣ್ಣದ ಫೋಟೋ ಹೇಳದ್ದನ್ನು ಹೇಳುವ ಚಿತ್ರ

ಆರ್‌ಪಿಇ ಕೋಶಗಳಲ್ಲಿ ದೃಷ್ಟಿ ಚಕ್ರದ (ಬೆಳಕಿಗೆ ಬಿಳುಚಿದ ಫೋಟೋಪಿಗ್ಮೆಂಟ್ ಮತ್ತೆ ಸಿದ್ಧವಾಗುವ ಕ್ರಿಯೆಯ) ತ್ಯಾಜ್ಯವಾದ ಲಿಪೋಫಸಿನ್ ಕೂಡಿರುತ್ತದೆ. 488 ನ್ಯಾನೋಮೀಟರ್ ನೀಲಿ ಬೆಳಕು ಬಿದ್ದರೆ ಅದು ತಾನಾಗಿ ಹೊಳೆಯುತ್ತದೆ. ಕೋಶ ಸತ್ತಲ್ಲಿ ಕಪ್ಪು, ಒತ್ತಡದಲ್ಲಿರುವಲ್ಲಿ ಅತಿ ಹೊಳಪು. ಕೆಲವು ಅಗಲನೋಟದ ಯಂತ್ರಗಳು 532 ನ್ಯಾನೋಮೀಟರ್ ಹಸಿರು ಬೆಳಕು ಬಳಸುತ್ತವೆ. ಎರಡರ ಹೊಳಪನ್ನು ಒಂದಕ್ಕೊಂದು ಹೋಲಿಸಲು ಹೋಗಬೇಡಿ.

ತೆಗೆಯುವ ಕ್ರಮ: ಮೊದಲು ಇನ್‌ಫ್ರಾರೆಡ್ ಬೆಳಕಿನಲ್ಲಿ ಫೋಕಸ್ ಮಾಡಿ, ನೀಲಿಗೆ ಬದಲಿಸಿದ ಮೇಲೆ ಫೋಕಸ್ ಮತ್ತೆ ತುಸು ತಿದ್ದಿ. ಚಿತ್ರ ಉಳಿಸುವ ಮೊದಲು ಸುಮಾರು 20–30 ಸೆಕೆಂಡು ಬೆಳಕು ಬೀಳಲಿ. ರೊಡಾಪ್ಸಿನ್‌ನಂತಹ ಫೋಟೋಪಿಗ್ಮೆಂಟ್ ಬೆಳಕನ್ನು ಹೀರುತ್ತಿರುವವರೆಗೆ ಹೊಳಪು ನಿಜಕ್ಕಿಂತ ಕಡಿಮೆ ಕಾಣುತ್ತದೆ. ಒಂದೇ ಫ್ರೇಮ್ ನಂಬದೆ ಹಲವು ಫ್ರೇಮ್‌ಗಳ ಸರಾಸರಿ ತೆಗೆಯಿರಿ. 30 ಡಿಗ್ರಿಯ ಒಂದು, 55 ಡಿಗ್ರಿಯ ಲೆನ್ಸ್ ಇದ್ದರೆ ಇನ್ನೊಂದು. ಎರಡೂ ಕಣ್ಣಿಗೆ ಸೆನ್ಸಿಟಿವಿಟಿ ಒಂದೇ ಇರಲಿ. ಮಂಕಾದ ಚಿತ್ರವನ್ನು ಚೆಂದ ಕಾಣಿಸಲು ಸೆನ್ಸಿಟಿವಿಟಿ ಏರಿಸುವುದು ಬಹಳ ಸಾಮಾನ್ಯ ತಪ್ಪು, ಏಕೆಂದರೆ ಆ ಮಂಕೇ ರೋಗದ ಸುಳಿವಾಗಿರಬಹುದು. ಆರ್‌ಪಿ ಇರುವವರಲ್ಲಿ ಮಸೂರದ ಹಿಂಬದಿಯ ಪೊರೆ ಎಳೆಯ ವಯಸ್ಸಿನಲ್ಲೇ ಬರುವುದುಂಟು. ಪೊರೆಯೂ ಚಿತ್ರವನ್ನು ಮಂಕು ಮಾಡುತ್ತದೆ, ಮೊದಲು ಸ್ಲಿಟ್ ಲ್ಯಾಂಪ್‌ನಲ್ಲಿ ನೋಡಿಕೊಳ್ಳಿ. ರೋಗಿಗೆ ಬೆಳಕು ಸಹಿಸಲಾಗದಿದ್ದರೆ ಒತ್ತಾಯ ಬೇಡ. ಕಾಯಿಲೆಯ ರೆಟಿನಾಕ್ಕೆ ಅನಗತ್ಯವಾಗಿ ನೀಲಿ ಬೆಳಕು ಬೀಳಿಸದಿರುವುದೇ ಒಳ್ಳೆಯದು.

ಓದುವಾಗ ಇವನ್ನು ಹುಡುಕಿ:

ಮ್ಯಾಕ್ಯುಲಾದ ಸುತ್ತ ಹೊಳೆಯುವ ಉಂಗುರ ಕಂಡರೆ ಆರ್‌ಪಿಯ ಅನುಮಾನ ಬಲವಾಗುತ್ತದೆ, ಆದರೆ ಬೇರೆ ರೆಟಿನಾ ಕಾಯಿಲೆಗಳಲ್ಲೂ ಇದು ಕಾಣಬಹುದು. ಆರ್‌ಪಿಯಲ್ಲಿ ಉಂಗುರದ ಒಳಗೆ ಜೀವಂತ ರೆಟಿನಾ, ಹೊರಗೆ ಕೆಟ್ಟ ರೆಟಿನಾ. ದೃಷ್ಟಿ 6/6 ಇರುವ, ಬಣ್ಣದ ಫೋಟೋದಲ್ಲಿ ಮ್ಯಾಕ್ಯುಲಾ ಸರಿಯೇ ಕಾಣುವ ರೋಗಿಯಲ್ಲೂ ಇದು ಸಿಗುತ್ತದೆ. ವರ್ಷಗಳು ಕಳೆದಂತೆ ಉಂಗುರ ಕುಗ್ಗುತ್ತದೆ, ಆದ್ದರಿಂದ ಅದರ ವ್ಯಾಸವನ್ನು ಪ್ರತಿ ಬಾರಿಯೂ ಅಳೆದಿಡಿ.

ಕೊರಾಯ್ಡೆರೆಮಿಯಾದಲ್ಲಿ ಕಪ್ಪಿನ ನಡುವೆ ಹರಿದ ಅಂಚಿನ ದ್ವೀಪವೊಂದು ಉಳಿದಿರುತ್ತದೆ. ಆರ್‌ಪಿಯಲ್ಲಿ ಕೆಟ್ಟ ಭಾಗದ ಗಡಿ ಸಾಮಾನ್ಯವಾಗಿ ಮೆಲ್ಲಗೆ ಮಾಸುತ್ತದೆ, ಇಲ್ಲಿ ಅದು ಕತ್ತರಿಸಿದಷ್ಟು ಚೂಪು.

ಎಫ್‌ಎಎಫ್ ಎಲ್ಲೆಡೆ ಬಹುಪಾಲು ಕಪ್ಪು, ಆದರೆ ಓಸಿಟಿಯಲ್ಲಿ ಪದರಗಳು ಚೆನ್ನಾಗಿಯೇ ಉಳಿದಿವೆ: ಈ ಜೋಡಿ ಸಿಕ್ಕರೆ ಅಲ್ಲೇ ನಿಲ್ಲಿ. ಆರ್‌ಪಿಇ65 ಜೀನ್ ಕೆಟ್ಟಾಗ ದೃಷ್ಟಿ ಚಕ್ರವೇ ಓಡುವುದಿಲ್ಲ, ಲಿಪೋಫಸಿನ್ ಕೂಡುವುದಿಲ್ಲ, ಹಾಗಾಗಿ ಹೊಳಪಿಲ್ಲ. ಕೋಶಗಳು ಇನ್ನೂ ಬದುಕಿರುತ್ತವೆ. ಇದಕ್ಕೆ ಮಂಜೂರಾದ ಜೀನ್ ಚಿಕಿತ್ಸೆ ಇದೆ. ವೊರೆಟಿಜೀನ್ ನೆಪಾರ್ವೊವೆಕ್ ಎಂಬ ಆ ಚಿಕಿತ್ಸೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಬದುಕಿರುವ ಕೋಶಗಳಿದ್ದರೆ ಮಾತ್ರ ಅದು ಫಲಿಸುತ್ತದೆ. ಹಾಗಾಗಿ ಈ ಒಂದು ಜೋಡಿಯನ್ನು ಸಕಾಲದಲ್ಲಿ ಗುರುತಿಸುವುದು ಮಗುವಿನ ಬದುಕನ್ನೇ ಬದಲಿಸಬಲ್ಲದು. ಫಂಡಸ್ ಆಲ್ಬಿಪಂಕ್ಟೇಟಸ್‌ನಲ್ಲೂ ಆರ್‌ಡಿಎಚ್5 ಜೀನ್ ದೋಷದಿಂದ ದೃಷ್ಟಿ ಚಕ್ರ ನಿಧಾನವಾಗಿ, ಹೊಳಪು ತಗ್ಗಿರುತ್ತದೆ.

ತಾಯಿಯ ಎಫ್‌ಎಎಫ್ ತೆಗೆಯಲು ಮರೆಯಬೇಡಿ. ಗಂಡುಮಗನಿಗೆ ಕಾಯಿಲೆ ಇದ್ದು, ತಾಯಿಗೆ ದೂರೇ ಇಲ್ಲದಿದ್ದರೂ ಆಕೆಯ ಚಿತ್ರದಲ್ಲಿ ಉತ್ತರ ಇರಬಹುದು. ಕೊರಾಯ್ಡೆರೆಮಿಯಾದ ವಾಹಕಿಯಲ್ಲಿ (ಕೆಟ್ಟ ಜೀನ್ ಹೊತ್ತ ಹೆಣ್ಣಿನಲ್ಲಿ) ಬೆಳಕು-ಕಪ್ಪು ಚುಕ್ಕೆಗಳು ಎರಚಿದಂತೆ ಇರುತ್ತವೆ. ಎಕ್ಸ್ ಕ್ರೋಮೋಸೋಮಿನ ಆರ್‌ಪಿಯ ವಾಹಕಿಯಲ್ಲಿ ಫೋವಿಯಾದಿಂದ ಹೊರಕ್ಕೆ ಕಿರಣಗಳಂತೆ ಹೊಳಪಿನ ಗೆರೆಗಳು ಚಾಚಿರುತ್ತವೆ. ಐದು ನಿಮಿಷದ ಒಂದು ಚಿತ್ರದಿಂದ ಕಾಯಿಲೆ ಹರಿದುಬಂದ ದಾರಿ ಸ್ಪಷ್ಟವಾಗುತ್ತದೆ, ಅಕ್ಕತಂಗಿಯರಿಗೆ ಕೊಡಬೇಕಾದ ಸಲಹೆಯೂ ಬದಲಾಗುತ್ತದೆ.

ಹಂತ 5: ಓಸಿಟಿ

ಫೋವಿಯಾದ ನಟ್ಟನಡುವೆ ಹಾಯುವ ಅಡ್ಡ ಗೆರೆಯೊಂದು, 30 ಡಿಗ್ರಿ ಅಂದರೆ ಸುಮಾರು 9 ಮಿಲಿಮೀಟರ್ ಉದ್ದ, 50 ಅಥವಾ ಹೆಚ್ಚು ಫ್ರೇಮ್‌ಗಳ ಸರಾಸರಿ. ಲಂಬ ಗೆರೆ ಇನ್ನೊಂದು. ನಂತರ ಮ್ಯಾಕ್ಯುಲಾ ಪೂರ್ತಿ ಆವರಿಸುವ ವಾಲ್ಯೂಮ್ ಸ್ಕ್ಯಾನ್. 6 ಮಿಲಿಮೀಟರಿನ ಗೆರೆಯಷ್ಟೇ ತೆಗೆದರೆ ಆರಂಭದ ಆರ್‌ಪಿಯಲ್ಲಿ ಪದರ ಮುರಿಯುವ ಜಾಗ ಚಿತ್ರದ ಹೊರಗೆ ಉಳಿದುಬಿಡುತ್ತದೆ.

ಕಣ್ಣಿಡಬೇಕಾದದ್ದು ರಾಡ್, ಕೋನ್‌ಗಳ ಆರೋಗ್ಯ ತೋರುವ ಎಲಿಪ್ಸಾಯ್ಡ್ ಜೋನ್ ಎಂಬ ಬಿಳಿ ಗೆರೆಯ ಮೇಲೆ. ಆರ್‌ಪಿಯಲ್ಲಿ ಅದು ನಡುವೆ ಗಟ್ಟಿಯಾಗಿದ್ದು, ಹೊರಕ್ಕೆ ಹೋದಂತೆ ತೆಳುವಾಗಿ, ಒಂದು ಬಿಂದುವಿನಲ್ಲಿ ಮಾಯವಾಗುತ್ತದೆ. ಅದರ ಮೇಲಿನ ಹೊರ ನ್ಯೂಕ್ಲಿಯರ್ ಪದರವೂ ಅಲ್ಲಿಂದಾಚೆ ಸೊರಗಿರುತ್ತದೆ. ಗೆರೆ ಮುಗಿಯುವ ಬಿಂದುವೂ ಎಫ್‌ಎಎಫ್ ಉಂಗುರದ ಒಳ ಅಂಚೂ ಹೆಚ್ಚುಕಡಿಮೆ ಒಂದೇ ಕಡೆ ಬೀಳಬೇಕು. ಹೊಂದದಿದ್ದರೆ ಮೊದಲು ಚಿತ್ರದ ಗುಣಮಟ್ಟವನ್ನು ಅನುಮಾನಿಸಿ. ಬೆಳಕಿನ ಕಿರಣ ಪಾಪೆಯ ಒಂದು ಬದಿಯಿಂದ ಹೊಕ್ಕರೆ ಚಿತ್ರ ಓರೆಯಾಗಿ, ಗೆರೆ ಇದ್ದರೂ ಮಸುಕಾಗುತ್ತದೆ. ಆಗ ಪಾಪೆಯ ನಡುವಿನಿಂದ ಮತ್ತೆ ತೆಗೆಯಿರಿ. ದೊಡ್ಡ ಮೈನಸ್ ನಂಬರಿನ ಉದ್ದ ಕಣ್ಣಿನಲ್ಲಿ ಚಿತ್ರದ ಅಂಚು ಮೇಲೆ ಮಡಚಿ ಕನ್ನಡಿ ಬಿಂಬದಂತೆ ಕಾಣುವುದೂ ಇದೆ.

ಓಸಿಟಿಯ ಇನ್ನೊಂದು ಉಪಯೋಗ ತಕ್ಷಣದ್ದು. ಆರ್‌ಪಿಯಲ್ಲಿ ಮ್ಯಾಕ್ಯುಲಾ ಊದಿಕೊಂಡು ನೀರಿನ ಗುಳ್ಳೆಗಳಾಗುವುದು ಅಪರೂಪವಲ್ಲ. ಇದಕ್ಕೆ ಡಾರ್ಜೊಲಮೈಡ್ ಹನಿ ಅಥವಾ ಅಸಿಟಜೋಲಮೈಡ್ ಮಾತ್ರೆಯಿಂದ ಅನೇಕರಿಗೆ ಗುಣ ಕಾಣುತ್ತದೆ. 'ಆರ್‌ಪಿಗೆ ಮಾಡುವಂಥದ್ದೇನೂ ಇಲ್ಲ' ಎಂದು ಓಸಿಟಿ ತೆಗೆಯದೆ ಕಳುಹಿಸಿದರೆ ಚಿಕಿತ್ಸೆಗೆ ಬಗ್ಗುವ ಈ ಭಾಗವೇ ತಪ್ಪಿಹೋಗುತ್ತದೆ.

ಹಂತ 6: ಚಿತ್ರಗಳೆಲ್ಲ ಸರಿ, ಇರುಳು ಮಾತ್ರ ಕಾಣುವುದಿಲ್ಲ

ಇದು ಸೋಲಲ್ಲ, ದೊಡ್ಡ ಸುಳಿವು. ಬಣ್ಣದ ಫೋಟೋ, ಎಫ್‌ಎಎಫ್, ಓಸಿಟಿ ಮೂರೂ ಸಹಜವಿದ್ದು, ತೊಂದರೆ ಹುಟ್ಟಿನಿಂದ ಇದ್ದರೆ ಜನ್ಮಜಾತ ಸ್ಥಿರ ಇರುಳುಗುರುಡು ಬಹುಮಟ್ಟಿಗೆ ಹೌದು. ಇಲ್ಲಿ ರಾಡ್‌ಗಳು ಜೀವಂತ, ಅವುಗಳ ಸಂದೇಶ ಮುಂದಿನ ಬೈಪೋಲಾರ್ ಕೋಶಕ್ಕೆ ದಾಟುವುದಿಲ್ಲ. ಚಿತ್ರಕ್ಕೆ ರಚನೆ ಕಾಣುತ್ತದೆಯೇ ಹೊರತು ಸಂದೇಶ ಕಾಣುವುದಿಲ್ಲ. ಆದ್ದರಿಂದ ತೀರ್ಪು ಇಆರ್‌ಜಿಯದು. ಕತ್ತಲಿಗೆ ಒಗ್ಗಿದ ಕಣ್ಣಿಗೆ ಬಲವಾದ ಫ್ಲ್ಯಾಶ್ ಕೊಟ್ಟಾಗ ಎ ಅಲೆ (ಮುಖ್ಯವಾಗಿ ರಾಡ್‌ಗಳ ಪ್ರತಿಕ್ರಿಯೆ) ಚೆನ್ನಾಗಿದ್ದು, ಬಿ ಅಲೆ (ಮುಖ್ಯವಾಗಿ ಬೈಪೋಲಾರ್ ಕೋಶಗಳದ್ದು) ಅದಕ್ಕಿಂತ ಚಿಕ್ಕದಾಗಿರುತ್ತದೆ. ರಾಡ್‌ಗಳ ಸಂದೇಶ ಪೂರ್ತಿ ನಿಂತ ಪೂರ್ಣ ಬಗೆಯಲ್ಲಿ ಎನ್‌ವೈಎಕ್ಸ್, ಟಿಆರ್‌ಪಿಎಂ1, ಜಿಆರ್‌ಎಂ6 ಮುಂತಾದ ಜೀನ್‌ಗಳು, ಸಂದೇಶ ತುಸು ದಾಟುವ ಅಪೂರ್ಣ ಬಗೆಯಲ್ಲಿ ಸಿಎಸಿಎನ್‌ಎ1ಎಫ್ ಮುಖ್ಯ. ಆದರೆ ಬಿ ಅಲೆ ಹೀಗೆ ತಗ್ಗುವುದು ಎಕ್ಸ್ ಕ್ರೋಮೋಸೋಮಿನ ರೆಟಿನೋಸ್ಕೈಸಿಸ್‌ನಲ್ಲೂ ಇದೆ, ಅದರ ಸೀಳುಗಳು ಓಸಿಟಿಯಲ್ಲಿ ಕಾಣುತ್ತವೆ. ಇಲ್ಲಿ ಓಸಿಟಿ ಮತ್ತೆ ಕೈಹಿಡಿಯುತ್ತದೆ.

ಓಗುಚಿ ಕಾಯಿಲೆಗೆ ಮಾತ್ರ ಕ್ಯಾಮೆರಾವೇ ಅದ್ಭುತ ಸಾಕ್ಷಿ. ಇದರಲ್ಲಿ ರೆಟಿನಾಕ್ಕೆ ಚಿನ್ನದ ಲೇಪದಂತಹ ಹೊಳಪಿರುತ್ತದೆ, ದೀರ್ಘ ಕತ್ತಲಿನ ನಂತರ ಆ ಹೊಳಪು ಮಾಯವಾಗುತ್ತದೆ. ಮಿಜುವೊ-ನಕಮುರ ವಿದ್ಯಮಾನ ಎಂದು ಇದರ ಹೆಸರು. ಪರೀಕ್ಷೆ ಹೀಗೆ: ಮೊದಲು ಬೆಳಕಿನಲ್ಲಿ ಎರಡೂ ಕಣ್ಣಿನ ಬಣ್ಣದ ಫೋಟೋ. ನಂತರ ಒಂದು ಕಣ್ಣನ್ನು ಬೆಳಕು ನುಸುಳದಂತೆ ಹತ್ತಿ ಮತ್ತು ಕಪ್ಪು ಪಟ್ಟಿಯಿಂದ ಮೂರು-ನಾಲ್ಕು ಗಂಟೆ ಮುಚ್ಚಿ. ಕತ್ತಲ ಕೋಣೆಯಲ್ಲಿ, ಮಂದ ಕೆಂಪು ದೀಪದಲ್ಲಿ ಪಟ್ಟಿ ಬಿಚ್ಚಿ, ಇನ್‌ಫ್ರಾರೆಡ್‌ನಲ್ಲೇ ಫೋಕಸ್ ಮಾಡಿ, ಮೊದಲ ಫ್ಲ್ಯಾಶ್‌ಗೇ ಚಿತ್ರ ಹಿಡಿಯಿರಿ. ಬೆಳಕು ಬೀಳುತ್ತ ಹೋದಂತೆ ಹೊಳಪು ಮರಳುವುದರಿಂದ ಆಮೇಲಿನ ಚಿತ್ರಗಳನ್ನು ನೆಚ್ಚುವಂತಿಲ್ಲ. 20 ನಿಮಿಷದ ಕತ್ತಲು ಈ ಪರೀಕ್ಷೆಗೆ ಸಾಲದು, ಹೆಚ್ಚಿನ ಕಡೆ ಇದು ತಪ್ಪಿಹೋಗುವುದು ಅಲ್ಲೇ. ಫಂಡಸ್ ಆಲ್ಬಿಪಂಕ್ಟೇಟಸ್‌ನಲ್ಲೂ ಇದೇ ತಾಳ್ಮೆ ಬೇಕು: 20 ನಿಮಿಷಕ್ಕೆ ಸತ್ತಂತಿರುವ ರಾಡ್ ಪ್ರತಿಕ್ರಿಯೆ ಹಲವು ಗಂಟೆಗಳ ಕತ್ತಲಿನ ನಂತರ ಚೇತರಿಸಿಕೊಳ್ಳುತ್ತದೆ. ಅದೇ ಬಿಳಿ ಚುಕ್ಕೆಗಳಿದ್ದು, ರಕ್ತನಾಳ ಸಪೂರವಾಗಿ, ಕಾಯಿಲೆ ಬೆಳೆಯುತ್ತಿದ್ದರೆ ಆರ್‌ಎಲ್‌ಬಿಪಿ1 ಜೀನ್‌ನ ರೆಟಿನೈಟಿಸ್ ಪಂಕ್ಟೇಟಾ ಆಲ್ಬೆಸೆನ್ಸ್ ಕಡೆ ನೋಡಿ.

ಹಂತ 7: ಹೆಸರಿಡುವ ಮುನ್ನ

ಎರಡೂ ಕಣ್ಣಿನ ಚಿತ್ರ ಪಕ್ಕಪಕ್ಕ ಇಡಿ. ವಂಶದಿಂದ ಬಂದದ್ದು ಬಹುತೇಕ ಎರಡೂ ಕಣ್ಣಿನಲ್ಲಿ ಒಂದೇ ಅಳತೆಯಲ್ಲಿರುತ್ತದೆ. ಒಂದೇ ಕಣ್ಣಿನಲ್ಲಿ ಕಪ್ಪು ಚೂರುಗಳಿದ್ದರೆ ಹಳೆಯ ಪೆಟ್ಟು, ತಾನಾಗಿ ಅಂಟಿಕೊಂಡ ರೆಟಿನಾ ಕಳಚು, ಸೋಂಕು ಇವನ್ನು ಹುಡುಕಿ. ಸಿಫಿಲಿಸ್ ಆರ್‌ಪಿಯ ವೇಷ ಹಾಕಿ ಬರಬಲ್ಲದು, ರಕ್ತಪರೀಕ್ಷೆ ಮಾಡಿಸಿ. ನಡುವಯಸ್ಸಿನ ನಂತರ ಕೆಲವೇ ತಿಂಗಳಲ್ಲಿ ಬಂದ ಇರುಳುಗುರುಡಿನ ಹಿಂದೆ ಎಲ್ಲೋ ಅಡಗಿದ ಕ್ಯಾನ್ಸರ್ ಇರಬಹುದು.

ಚಿಕಿತ್ಸೆ ಇರುವ ಕಾಯಿಲೆಗಳನ್ನು ಮೊದಲು ತಳ್ಳಿಹಾಕುವುದು ನಮ್ಮ ಮಟ್ಟಿಗೆ ಕಟ್ಟುನಿಟ್ಟಿನ ನಿಯಮ. ದುಂಡು ತೇಪೆಗಳಿದ್ದರೆ ರಕ್ತದ ಆರ್ನಿಥಿನ್: ಗೈರೇಟ್ ಅಟ್ರೋಫಿಯಲ್ಲಿ ಅದು ಹಲವು ಪಟ್ಟು ಏರಿರುತ್ತದೆ, ಆರ್ಜಿನಿನ್ ಕಡಿಮೆಯಿರುವ ಊಟದಿಂದ, ಕೆಲವರಲ್ಲಿ ಬಿ6 ಜೀವಸತ್ವದಿಂದ, ಇಳಿಯುತ್ತದೆ. ಆರ್‌ಪಿ ಜೊತೆಗೆ ವಾಸನೆ ತಿಳಿಯದಿರುವುದು, ನರದ ದೌರ್ಬಲ್ಯ ಇದ್ದರೆ ರೆಫ್ಸಮ್ ಕಾಯಿಲೆಗಾಗಿ ಫೈಟಾನಿಕ್ ಆಮ್ಲ. ಕೊಬ್ಬು ಜೀರ್ಣವಾಗದ ಮಗುವಾದರೆ ರಕ್ತದ ಕೊಲೆಸ್ಟರಾಲ್ ಮತ್ತು ಎ, ಇ ಜೀವಸತ್ವಗಳು, ಏಕೆಂದರೆ ಎಬೀಟಾಲಿಪೋಪ್ರೋಟಿನೀಮಿಯಾ ಬೇಗ ಸಿಕ್ಕರೆ ತಡೆಯಬಹುದು.

ಇಷ್ಟಾದ ಮೇಲೆ ಜೀನ್ ಪರೀಕ್ಷೆ. ಚೀಟಿಯಲ್ಲಿ 'ಇರುಳುಗುರುಡು' ಎಂದು ಒಂದೇ ಪದ ಬರೆದು ಕಳಿಸಬೇಡಿ. ಆರಂಭದ ವಯಸ್ಸು, ವಂಶವೃಕ್ಷ, ಎಫ್‌ಎಎಫ್ ಮಾದರಿ, ಇಆರ್‌ಜಿಯ ರೂಪ, ಅನುಮಾನವಿರುವ ಜೀನ್‌ಗಳು ಎಲ್ಲವನ್ನೂ ಬರೆಯಿರಿ. ಅರ್ಥ ಖಚಿತವಿಲ್ಲದ ಬದಲಾವಣೆ ಸಿಕ್ಕಾಗ ಅದು ಈ ಚಿತ್ರಕ್ಕೆ ಹೊಂದುತ್ತದೆಯೇ ಎಂದು ತೂಗಲು ಪ್ರಯೋಗಾಲಯಕ್ಕೆ ಇರುವ ಆಸರೆ ಈ ವಿವರಗಳೇ.

ಹಂತ 8: ಮುಂದಿನ ಭೇಟಿಗಳು

ಒಂದು ದಿನದ ಚಿತ್ರಕ್ಕಿಂತ ಎರಡು ವರ್ಷದ ಎರಡು ಚಿತ್ರ ಹೆಚ್ಚು ಹೇಳುತ್ತವೆ. ವರ್ಷಕ್ಕೊಮ್ಮೆ, ಅದೇ ಯಂತ್ರ, ಅದೇ ಲೆನ್ಸ್, ಅದೇ ಸೆನ್ಸಿಟಿವಿಟಿ. ಓಸಿಟಿಯ ಫಾಲೋ-ಅಪ್ ಸೌಲಭ್ಯ ಬಳಸಿದರೆ ಗೆರೆ ಹಿಂದಿನ ಜಾಗದಲ್ಲೇ ಬೀಳುತ್ತದೆ. ಎಲಿಪ್ಸಾಯ್ಡ್ ಗೆರೆಯ ಉದ್ದವನ್ನು ಫೋವಿಯಾದಿಂದ ಮೂಗಿನ ಕಡೆಗೆ ಮತ್ತು ಕಿವಿಯ ಕಡೆಗೆ ಬೇರೆಬೇರೆಯಾಗಿ, ಮೈಕ್ರಾನ್‌ಗಳಲ್ಲಿ ಬರೆದಿಡಿ. ಅದೇ ದಿನ, ಒಬ್ಬರೇ, ಎರಡು ಸಲ ಅಳೆದು ನೋಡಿ: ನಿಮ್ಮ ಎರಡು ಅಳತೆಗಳ ನಡುವಿನ ವ್ಯತ್ಯಾಸಕ್ಕಿಂತ ಕಡಿಮೆಯಿರುವ ಬದಲಾವಣೆಯನ್ನು ಮುಂದಿನ ವರ್ಷ 'ಕಾಯಿಲೆ ಬೆಳೆದಿದೆ' ಎಂದು ರೋಗಿಗೆ ಹೇಳಬಾರದು.